ಬಿಜಾಪುರದ ಬಿಸಲಿಗೆ ತಡಕೊಳ್ಳೂ ರೋಲ್-ಆನ್: ಲಾವಂಚ, ಗಂಧ, ಮಲ್ಲಿಗಿ

ಏನ್ ಮಾಡೀನಿ ಅನ್ನೂದನ್ನ ಮೊದ್ಲ ಹೇಳಿಬಿಡ್ತೀನಿ. 10 ಎಂಎಲ್‌ದ ರೋಲ್-ಆನ್ ಸುಗಂಧದ ಬಾಟ್ಲಿ ಒಂದು (ಬಾಯಿಗೆ ಉರುಳೂ ಗುಂಡು ಇರ್ತೈತಲ್ಲ, ಅದು), ಅದರೊಳಗ ಲಾವಂಚ, ಶ್ರೀಗಂಧ, ಮಲ್ಲಿಗಿ, ಚೂರು ದವನ, ಚೂರು ಲಿಂಬಿ. ಎಲ್ಲಾ ಗಿಡ, ಬೇರು, ಹೂವಿನಿಂದ ತಗದಿದ್ದು. ಮಾಡಿದ್ದು ನಮ್ಮ ವೈನಿ ಸಲುವಾಗಿ. ಅವರು ಮನ್ಯಾಗ ಹೊಲಿಗಿ ಕೆಲಸ ಮಾಡ್ತಾರ, ಬ್ಯಾಸಗ್ಯಾಗ ಮಧ್ಯಾಹ್ನ ಕರೆಂಟ್ ಹೋಗಿ ಮಷೀನ್ ನಿಂತು, ಇತ್ಲಾಗ ಗಿರಾಕಿ ಫೋನ್ ಮ್ಯಾಲ ಫೋನ್ ಮಾಡಾಕ ಹತ್ತಿದ್ರ ಮನಸ್ಸು ಕೆಟ್ಟು ಸಂಜಿ ತನಕ ಯಾರ ಜೋಡಿನೂ ಮಾತಾಡೂದಿಲ್ಲ. "ಏನರ ಒಂದು ಘಮ ಮಾಡಿಕೊಡವಾ, ಮೂಗಿಗೆ ಬಡದ್ರ ಜರಾ ಹಗುರ ಅನಿಸ್ಬೇಕು, ಆದ್ರ ಆ ಅಂಗಡಿ ಸ್ಪ್ರೇ ಮಾತ್ರ ಬ್ಯಾಡ, ನಂಗ ತಲಿ ನೋಯತೈತಿ" ಅಂದ್ರು. ಅಲ್ಲಿಂದ ಶುರು.

ಮನಸ್ಸಿಗೆ ಯಾವ ವಾಸನಿ ಛಲೋ ಅಂತ ಹುಡುಕಿದ್ರ ಎಲ್ಲಾ ಕಡೆ ಒಂದ ಚಾರ್ಟ್ ಸಿಗ್ತೈತಿ. ಲ್ಯಾವೆಂಡರ್ ಶಾಂತಿಗೆ, ಕಿತ್ತಳಿ ಖುಷಿಗೆ, ರೋಸ್‌ಮೇರಿ ನೆನಪಿಗೆ, ಹಿಂಗ. ಅದನ್ನ ನೋಡ್ಕೋತ ಎಣ್ಣಿ ಕೊಳ್ಳಬ್ಯಾಡ್ರಿ ಅಂತ ನಾ ಹೇಳೂದು. ಲ್ಯಾವೆಂಡರ್‌ದಾಗ ಲಿನಲೂಲ್, ಲಿನಲೈಲ್ ಅಸಿಟೇಟ್ ಅನ್ನೂ ಅಂಶ ಅದಾವ, ಆತಂಕ ಕಡಿಮಿ ಮಾಡೂ ವಿಷಯದಾಗ ಅದರ ಮ್ಯಾಲ ಸಂಶೋಧನೆನೂ ಆಗೇತಿ, ಖರೆ, ಆದ್ರ ಅದರೊಳಗ ಗಟ್ಟಿ ಫಲಿತಾಂಶ ಬಂದಿದ್ದು ಹೆಚ್ಚಿನದು ಬಾಯಿಲೆ ತಗೊಳ್ಳೂ ಕ್ಯಾಪ್ಸೂಲ್‌ದಿಂದ, ಮೂಸೂದರಿಂದ ಅಲ್ಲ. ಮೂಸೂದರ ಪರಿಣಾಮ ಬ್ಯಾರೆ ದಾರಿಲೆ ಬರ್ತೈತಿ. ಕಣ್ಣು, ಕಿವಿ, ಚರ್ಮದ ಸುದ್ದಿ ಮಿದುಳಿನ್ಯಾಗ ಥಾಲಮಸ್ ಅನ್ನೂ ನಡುವಿನ ಠಾಣೆ ದಾಟಿ ಮುಂದ ಹೋಗ್ತಾವ, ಮೂಗಿನ ಸುದ್ದಿ ಮಾತ್ರ ಅದನ್ನ ಬಿಟ್ಟು ನೆಟ್ಟಗ ಭಾವನೆ, ನೆನಪು ನೋಡ್ಕೊಳ್ಳೂ ಭಾಗಗಳಿಗೆ, ಅಂದ್ರ ಅಮಿಗ್ಡಲಾ, ಹಿಪೊಕ್ಯಾಂಪಸ್ ಅಂತಾರಲ್ಲ, ಅಲ್ಲಿಗೆ ಹೋಗಿ ಮುಟ್ಟತೈತಿ. ಹಿಂಗಾಗಿ ಒಂದು ವಾಸನಿ ನಿಮಗ ಏನ್ ಮಾಡ್ತೈತಿ ಅನ್ನೂದು ಭಾಳಷ್ಟು ನೀವು ಅದನ್ನ ಮೊದ್ಲ ಎಲ್ಲಿ, ಯಾರ ಜೋಡಿ, ಹೆಂಥಾ ಹೊತ್ತಿನ್ಯಾಗ ಮೂಸಿದ್ರಿ ಅನ್ನೂದರ ಮ್ಯಾಲ ನಿಂತಿರ್ತೈತಿ. ಚಾರ್ಟ್‌ಗೆ ನಿಮ್ಮ ನೆನಪು ಗೊತ್ತಿರೂದಿಲ್ಲ.

ಅದಕ್ಕ ಮೊದಲ ಕೆಲಸ ಕೊಳ್ಳೂದಲ್ಲ, ಮೂಸೂದು. ಡ್ರಾಯಿಂಗ್ ಹಾಳಿ, ಆ ದಪ್ಪಂದು ಇರ್ತೈತಲ್ಲ, ಅದನ್ನ ಬೆರಳಿನಗಲ ಉದ್ದುದ್ದ ಕತ್ತರಿಸಿ ಒಂದೊಂದರ ತುದಿಗೆ ಒಂದೊಂದು ಎಣ್ಣಿ ಹನಿ ಹಚ್ಚಿ, ಹಿಂದ ಪೆನ್ಸಿಲ್‌ಲೆ ನಂಬರ್ ಮಾತ್ರ ಬರದೆ, ಹೆಸರು ಬರೀಲಿಲ್ಲ. ಹೆಸರು ಕಂಡ್ರ ಮೂಗಿನ ಬದಲಿ ತಲಿ ಉತ್ತರ ಕೊಡ್ತೈತಿ. ಎಣ್ಣಿ ಎಲ್ಲಾ ನಾನು ಮೊದಲಿಂದ ಸಣ್ಣ ಸಣ್ಣ ಸ್ಯಾಂಪಲ್ ತರಿಸಿ ಇಟ್ಟಿದ್ದು. ವೈನಿಗೆ ಒಂದ ಸಲಕ್ಕ ನಾಲ್ಕೈದರ ಮ್ಯಾಲ ಕೊಡಲಿಲ್ಲ, ಮೂಗು ದಣೀತೈತಿ. ನಡುವ ಕಾಫಿ ಬೀಜ ಮೂಸ್ಬೇಕು ಅಂತಾರ, ಅದೇನ್ ಬೇಕಾಗಿಲ್ಲ, ಕಟ್ಟಿ ಮ್ಯಾಲ ಹೋಗಿ ಜರಾ ಹೊರಗಿನ ಗಾಳಿ ತಗೊಂಡ್ರ ಸಾಕು.

ಲ್ಯಾವೆಂಡರ್ ಪಟ್ಟಿ ಮೂಸಿ ವೈನಿ ಮಾರಿ ತಿರುವಿದ್ರು. "ಇದು ದವಾಖಾನಿ ನೆಲ ಒರಸೂ ವಾಸನಿ" ಅಂದ್ರು. ಅಣ್ಣನ ಆಪರೇಷನ್ ಹೊತ್ತಿನ್ಯಾಗ ಅವರು ಭಾಳ ದಿನ ಅಲ್ಲೇ ಕುಂತಿದ್ರು. ಇಡೀ ಜಗತ್ತಿಗೆ ಶಾಂತಿ ಕೊಡೂ ಎಣ್ಣಿ ಇವರಿಗೆ ಆ ಕಾರಿಡಾರ್ ನೆನಪು ಮಾಡ್ತೈತಿ ಅಂದ್ರ ಅದು ಇವರ ಬಾಟ್ಲಿಯೊಳಗ ಹೋಗಬಾರದು, ಅಷ್ಟ. ಲಾವಂಚದ ಪಟ್ಟಿ ಕೊಟ್ಟಾಗ ಏನೂ ಅನ್ನಲಿಲ್ಲ, ಎರಡ ಸಲ ಮೂಸಿದ್ರು, ಮತ್ತ ಅಂದ್ರು, "ನಮ್ಮ ಸಿಂದಗಿ ಮನ್ಯಾಗ ಕಿಡಕಿಗೆ ಲಾವಂಚದ ಪಡದಾ ಕಟ್ಟಿ ಅಪ್ಪಾರು ನೀರ್ ಗೊಜ್ಜತಿದ್ರು ನೋಡು, ಆ ಗಾಳಿ." ಆತು, ಬುಡ ಸಿಕ್ಕಿತು. ಮಲ್ಲಿಗಿಗೆ ನಕ್ಕರು, ಪಚೋಲಿ ಅನ್ನೂ ಎಲಿ ಎಣ್ಣಿ ಬ್ಯಾಡಂದ್ರು, ದವನಕ್ಕ "ಜಾತ್ರಿ ಮಾಲಿ" ಅಂದ್ರು. ನಿಮ್ಮದನ್ನ ಆರಿಸೂವಾಗನೂ ಹಿಂಗ ಮಾಡ್ರಿ, ಛಲೋ ಐತಿ ಅನ್ನೂ ಮಾತಿಗಿಂತ ಯಾವುದು ಒಂದು ಜಾಗ ಎತ್ತಿ ತರ್ತೈತಿ ಅದನ್ನ ಗುರ್ತ ಹಾಕ್ಕೋರಿ, ಮತ್ತ ಆ ಜಾಗದಾಗ ನೀವು ನಿರಾಳ ಇದ್ರೋ ಇಲ್ಲೋ ಕೇಳ್ಕೋರಿ.

ಎಣ್ಣಿ ಕೊಳ್ಳೂದರಾಗ ಭಾಳ ಮೋಸ ಐತಿ, ಇಲ್ಲಿ ಜರಾ ನಿಂತು ಹೇಳ್ತೀನಿ. ಬಾಟ್ಲಿ ಮ್ಯಾಲ ನ್ಯಾಚುರಲ್ ಅಂತ ಬರದ್ರ ಏನೂ ಅರ್ಥ ಇಲ್ಲ. ಗಿಡದ ಲ್ಯಾಟಿನ್ ಹೆಸರು ಇರಬೇಕು, ಗಿಡದ ಯಾವ ಭಾಗ, ಹ್ಯಾಂಗ ತಗದಾರ ಅನ್ನೂದು ಇರಬೇಕು, ಬ್ಯಾಚ್ ನಂಬರ್ ಇರಬೇಕು, ಕೇಳಿದ್ರ ಜಿಸಿ-ಎಂಎಸ್ ರಿಪೋರ್ಟ್ (ಎಣ್ಣ್ಯಾಗ ಯಾವ್ಯಾವ ಅಂಶ ಎಷ್ಟೆಷ್ಟು ಅಂತ ತೋರಸೂ ಲ್ಯಾಬ್ ಪರೀಕ್ಷೆ) ಕೊಡಬೇಕು. ಒಂದ ಕಂಪನಿದಾಗ ಮಲ್ಲಿಗಿ, ಗುಲಾಬಿ, ಗಂಧ, ನಿಂಬಿಹುಲ್ಲು ಎಲ್ಲಾ ಒಂದ ರೇಟಿಗೆ ಇದ್ರ ಅದು ಕೃತಕ ಸೆಂಟು ಅಂತ ಕಣ್ಣು ಮುಚ್ಚಿ ಹೇಳಬಹುದು, ಯಾಕಂದ್ರ ನಿಂಬಿಹುಲ್ಲಿನ ಎಣ್ಣಿ ಸುಲಭ ಬರ್ತೈತಿ, ಗುಲಾಬಿದು ಹೂವಿನ ರಾಶಿ ಬೇಸಿದ್ರೂ ಹನಿ ಹನಿ. ಇನ್ನ ಮಲ್ಲಿಗಿ ಎಸೆನ್ಷಿಯಲ್ ಆಯಿಲ್, ಅಂದ್ರ ಹಬೆಲೆ ಇಲ್ಲಾ ಹಿಂಡಿ ತಗದ ಘಮದ ಎಣ್ಣಿ, ಅಂತ ಬರದಿದ್ರ ಸಂಶಯ ಪಡ್ರಿ. ಮಲ್ಲಿಗಿ ಹಬೆಗೆ ಇಟ್ರ ಅದರ ಘಮ ಕೆಡತೈತಿ, ಹಿಂಗಾಗಿ ಅದನ್ನ ಘಮ ಕರಗಿಸಿಕೊಳ್ಳೂ ದ್ರವ, ಅಂದ್ರ ಸಾಲ್ವೆಂಟ್‌ಲೆ ತಗೀತಾರ, ಆ ಸರಕಿಗೆ ಅಬ್ಸೊಲ್ಯೂಟ್ ಅಂತಾರ. ನಮ್ಮ ದುಂಡು ಮಲ್ಲಿಗಿ ಬೇಕಂದ್ರ ಜಾಸ್ಮಿನಮ್ ಸಂಬಾಕ್ ಅಬ್ಸೊಲ್ಯೂಟ್ ಅಂತ ಕೇಳ್ರಿ.

ಶ್ರೀಗಂಧ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಮೈಸೂರಾಗ ಸರಕಾರದ ಕಾರ್ಖಾನಿ ಬಟ್ಟಿ ಇಳಸ್ತೈತಿ, ಆ ಎಣ್ಣಿ ತುಟ್ಟಿ, ಆದ್ರ ಗ್ರಾಂ ಲೆಕ್ಕದಾಗ ನಮಗ ಬೇಕಾಗೂದು ಚೂರ. ಲಾವಂಚ, ದವನ ಎರಡೂ ನಮ್ಮ ರಾಜ್ಯದಾಗನ ಬೆಳಿಯೂ ಬೆಳಿ. ಸಿದ್ಧ ಅತ್ತರ ತಗೊಳ್ಳೂರಿಗೆ ಒಂದ ಮಾತು: ಕನೌಜ್‌ದಾಗ ಹಳೇ ಪದ್ಧತಿಲೆ ತಾಂಬ್ರದ ಹಂಡೆದಾಗ ಹೂವು ಬೇಸಿ, ಅದರ ಹಬೆ ಬಿದಿರಿನ ಕೊಳವ್ಯಾಗಿಂದ ಗಂಧದೆಣ್ಣಿ ಇರೂ ಪಾತ್ರಕ್ಕ ಇಳಸಿದ್ರ ಅದು ಖರೆ ಅತ್ತರ. ಗಂಧ ತುಟ್ಟಿ ಆದ ಮ್ಯಾಲ ಭಾಳ ಮಂದಿ ಗಂಧದೆಣ್ಣಿ ಬದಲಿ ಪೆಟ್ರೋಲಿಯಂದಿಂದ ಬರೂ ಲಿಕ್ವಿಡ್ ಪ್ಯಾರಾಫಿನ್ ಎಣ್ಣಿ ಹಾಕ್ತಾರ, ಅಗ್ಗ ಸಿಕ್ಕಿತು ಅಂದ್ರ ಅದು ಯಾಕ ಅಗ್ಗ ಅಂತ ಕೇಳ್ಕೋಬೇಕು.

ನಮ್ಮೂರಿಗೆ ಈ ವಿದ್ಯಾ ಹೊಸಾದಲ್ಲ, ಅದು ನಂಗ ಭಾಳ ಅಭಿಮಾನದ ಮಾತು. ಇಬ್ರಾಹಿಂ ರೋಜಾ ಕಟ್ಟಿಸಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ 1580ರಿಂದ 1627ರ ತನಕ ಆಳಿದವ, ಅವನ ಆಸ್ಥಾನದಾಗ ಸುಗಂಧ ಮಾಡೂ ವಿದ್ಯಾದ ಮ್ಯಾಲನ ಪಾರ್ಸಿ ಭಾಷೆದಾಗ ಒಂದು ಗ್ರಂಥ ಬರದಿದ್ರು. ಇವತ್ತಿಗೂ ಬಜಾರದಾಗ ಅತ್ತರ ಮಾರೂ ಚಾಚಾನ ಹತ್ರ ಹೋದ್ರ ಕೈಗೆ ಹಚ್ಚೂದಕ್ಕಿಂತ ಮೊದ್ಲ ಹತ್ತಿ ಉಂಡಿಗೆ ಒಂದ ಹನಿ ಅದ್ದಿ "ತಗೋ ಮಗಳ, ಕಿವಿ ಮಡಚಿನ್ಯಾಗ ಇಟ್ಕೊಂಡು ಬಜಾರ ಸುತ್ತಿ ಬಾ, ಸಂಜಿಗೆ ಹೇಳು ಬೇಕೋ ಬ್ಯಾಡೋ" ಅಂತಾರ. ಸುಗಂಧ ಆರಿಸೂ ಇದಕ್ಕಿಂತ ಛಲೋ ರೀತಿ ನಾ ಕಂಡಿಲ್ಲ. ಮೊದ್ಲ ಬಡಿಯೂ ವಾಸನಿ ಜರಾ ಹೊತ್ತಿನ್ಯಾಗ ಹೋಗ್ತೈತಿ, ನೀವು ಇಡೀ ದಿನ ಜೋಡಿ ಇರಬೇಕಾದ್ದು ಕಡಿಗೆ ಉಳಿಯೂ ವಾಸನಿ ಜೋಡಿ.

ಇನ್ನ ಬುಡದ ಎಣ್ಣಿ, ಅಂದ್ರ ಇವನ್ನೆಲ್ಲಾ ಯಾವುದರಾಗ ಕಲಸೂದು. ಎಸೆನ್ಷಿಯಲ್ ಆಯಿಲ್ ನೆಟ್ಟಗ ಚರ್ಮಕ್ಕ ಹಚ್ಚಬಾರದು, ಇದನ್ನ ಗಟ್ಟಿ ನೆನಪಿಡ್ರಿ. ನಮ್ಮ ಕಡೆ ಗಾಣದ ಕುಸುಬಿ ಎಣ್ಣಿ ಮನ್ಯಾಗ ಇರ್ತೈತಿ, ಆಸೆ ಆಗ್ತೈತಿ, ಆದ್ರ ಅದಕ್ಕ ಅದರದ್ದೇ ವಾಸನಿ ಐತಿ, ಮತ್ತ ಜಲ್ದಿ ಕಮಟು ಹಿಡಿತೈತಿ. ಶೇಂಗಾ ಎಣ್ಣಿದೂ ಅದ ಕತಿ. ಕೊಬ್ಬರಿ ಎಣ್ಣಿ ಬ್ಯಾಸಗ್ಯಾಗ ನಡೀತೈತಿ, ಆದ್ರ ಅದು ಸುಮಾರು 24 ಡಿಗ್ರಿ ಕೆಳಗ ಹೆಪ್ಪುಗಟ್ಟತೈತಿ, ಸಂಕ್ರಾಂತಿ ಸಿದ್ಧೇಶ್ವರ ಜಾತ್ರಿ ಹೊತ್ತಿಗೆ ಮುಂಜಾನೆ ರೋಲ್-ಆನ್ ಗುಂಡು ತಿರುಗೂದ ಇಲ್ಲ. ನಾ ಜೊಜೋಬಾ ತಗೊಂಡೆ. ಅದು ಹೆಸರಿಗೆ ಎಣ್ಣಿ, ಖರೆ ಅಂದ್ರ ದ್ರವ ಮೇಣ, ಅದಕ್ಕ ಕಮಟು ಹಿಡಿಯೂದಿಲ್ಲ, ವಾಸನಿನೂ ಇಲ್ಲ. ತುಟ್ಟಿ ಅನಿಸಿದ್ರ ಫ್ರ್ಯಾಕ್ಷನೇಟೆಡ್ ಕೊಕೊನಟ್ ಆಯಿಲ್ ಅಂತ ಸಿಗ್ತೈತಿ, ಅದು ಥಂಡಿಗೂ ಗಟ್ಟಿ ಆಗೂದಿಲ್ಲ.

ಲಿಂಬಿ ವಿಷಯ ಬ್ಯಾರೆನ ಹೇಳಬೇಕು. ಇಂಡಿ ಲಿಂಬಿಗೆ ಜಿಐ ಟ್ಯಾಗ್ ಬಂದೈತಿ, ನಮ್ಮ ಜಿಲ್ಲಾದ ಹೆಮ್ಮೆ, ಸಿಪ್ಪಿ ಚಿವುಟಿದ್ರ ಬರೂ ಆ ಘಮಕ್ಕ ಮನಸ್ಸು ಎದ್ದು ಕೂಡ್ತೈತಿ, ಹಿಂಗಾಗಿ ಸಿಪ್ಪಿ ಹಿಂಡಿ ಆ ಎಣ್ಣಿನ ಹಾಕೂಣು ಅಂತ ಯಾರಿಗರ ಅನಿಸ್ತೈತಿ. ಹಾಕಬ್ಯಾಡ್ರಿ. ಲಿಂಬಿ ಸಿಪ್ಪಿ ಎಣ್ಣ್ಯಾಗ ಫ್ಯೂರೊಕೂಮರಿನ್ ಅನ್ನೂ ಅಂಶ ಇರ್ತಾವ, ಅವು ಚರ್ಮದ ಮ್ಯಾಲ ಇದ್ದಾಗ ಬಿಸಲಿನ ಯುವಿ-ಎ ಕಿರಣ ಬಿದ್ರ ಚರ್ಮ ಸುಟ್ಟು ಬೊಬ್ಬಿ ಏಳತೈತಿ, ಆಮ್ಯಾಲ ಕಪ್ಪು ಕಲಿ ವಾರಗಟ್ಲೆ, ತಿಂಗಳಗಟ್ಲೆ ಉಳಿತೈತಿ. ನಮ್ಮ ಏಪ್ರಿಲ್, ಮೇ ಬಿಸಲಿನ್ಯಾಗ ಕುತ್ತಿಗಿಗೆ ಅದನ್ನ ಹಚ್ಚಿಕೊಂಡು ಸ್ಟೇಶನ್ ರೋಡ್ ತನಕ ನಡ್ಕೋತ ಹೋದ್ರ ಏನಾಗ್ತೈತಿ ಯೋಚಿಸ್ರಿ. ಅಂತರರಾಷ್ಟ್ರೀಯ ಸುಗಂಧ ಸಂಸ್ಥೆ ಇಫ್ರಾದವರು ಹಿಂಡಿ ತಗದ ಲಿಂಬಿ ಎಣ್ಣಿಗೆ ಚರ್ಮದ ಮ್ಯಾಲ ಉಳಿಯೂ ಸರಕಿನ್ಯಾಗ ಶೇಕಡಾ 0.7, ಲಿಂಬಿ ಜಾತಿಯ ಇನ್ನೊಂದು ಹಣ್ಣು ಬೆರ್ಗಮಾಟ್‌ಗೆ 0.4 ಅಂತ ಮಿತಿ ಹಾಕ್ಯಾರ. ಹಬೆಲೆ ಬಟ್ಟಿ ಇಳಿಸಿದ ಲಿಂಬಿ ಎಣ್ಣಿಗೆ ಈ ತ್ರಾಸ ಇಲ್ಲ, ಆ ಅಂಶ ಹಬೆ ಜೋಡಿ ಮ್ಯಾಲ ಬರೂದಿಲ್ಲ. ಬಾಟ್ಲಿ ಮ್ಯಾಲ ಸ್ಟೀಮ್ ಡಿಸ್ಟಿಲ್ಡ್ ಅಂತ ಇರೂದನ್ನ ನೋಡಿ ತಗೊಂಡೆ. ಸಿಹಿ ಕಿತ್ತಳಿ (ಸ್ವೀಟ್ ಆರೆಂಜ್) ಎಣ್ಣಿನೂ ನಡೀತೈತಿ.

ಅಳತಿಗೆ ಬರೂಣು. ಹನಿ ಲೆಕ್ಕ ನಂಬಬ್ಯಾಡ್ರಿ, ಲಾವಂಚದೆಣ್ಣಿ ಕಾಕಂಬಿ ಹಂಗ ದಪ್ಪ, ಅದರ ಒಂದು ಹನಿ ಲಿಂಬಿ ಹನಿಗಿಂತ ದೊಡ್ಡದು ಬೀಳತೈತಿ. ಬಂಗಾರ ತೂಗೂ ಸಣ್ಣ ಕಾಟಾ, 0.01 ಗ್ರಾಂ ತೋರಸೂದು, ಅದರ ಮ್ಯಾಲ ಖಾಲಿ ಬಾಟ್ಲಿ ಇಟ್ಟು ಜೀರೋ ಮಾಡಿ ಒಂದೊಂದ ಹಾಕ್ಕೋತ ಹೋದೆ. ಜೊಜೋಬಾ 8 ಗ್ರಾಂ. ಲಾವಂಚ 0.10, ಗಂಧ 0.14, ಮಲ್ಲಿಗಿ ಅಬ್ಸೊಲ್ಯೂಟ್ 0.05, ಬಟ್ಟಿ ಲಿಂಬಿ 0.09, ದವನ 0.02. ಒಟ್ಟು ಎಣ್ಣಿ 0.40, ಅಂದ್ರ ಹತ್ತಿರ ಹತ್ತಿರ ಶೇಕಡಾ 5. ಮೈಗೆಲ್ಲಾ ತಿಕ್ಕೂ ಎಣ್ಣ್ಯಾಗ ಶೇಕಡಾ 2, 3ರ ಮ್ಯಾಲ ಹೋಗೂದಿಲ್ಲ, ಇದು ಎರಡ ಮೂರ ಕಡೆ ಚುಕ್ಕಿ ಹಚ್ಚೂದು ಅಂತ ಇಷ್ಟು.

ದವನದ 0.02 ಗ್ರಾಂ ಆ ಕಾಟಾದ ಮ್ಯಾಲ ನೆಟ್ಟಗ ತೂಗೂದು ಆಗೂದಿಲ್ಲ, ಅರ್ಧ ಹನಿ ಹೆಚ್ಚುಕಮ್ಮಿ ಆದ್ರ ಇಡೀ ಬಾಟ್ಲಿ ದವನ ಆಗಿಬಿಡ್ತೈತಿ, ಅಷ್ಟು ಜೋರ ಅದು. ಅದಕ್ಕ ಬ್ಯಾರೆ ಸೀಸೆದಾಗ 1 ಗ್ರಾಂ ದವನಕ್ಕ 9 ಗ್ರಾಂ ಜೊಜೋಬಾ ಹಾಕಿ ಕಲಸಿ ಇಟ್ಟೆ, ಅದರಾಗಿಂದ 0.20 ತಗೊಂಡ್ರ ಒಳಗಿನ ದವನ 0.02 ಆಗ್ತೈತಿ. ಜೋರ ವಾಸನಿದು ಯಾವುದಿದ್ರೂ ಹಿಂಗ ಮಾಡ್ಕೋರಿ, ಕೈ ಹಗುರ ಆಗ್ತೈತಿ. ಲಾವಂಚ, ಮಲ್ಲಿಗಿ ಎರಡೂ ಬಾಟ್ಲ್ಯಾಗಿಂದ ಇಳಿಯೂದ ಇಲ್ಲ. ಬಾಟ್ಲಿ ಮುಷ್ಟ್ಯಾಗ ಹಿಡಕೊಂಡು ಜರಾ ಬೆಚ್ಚಗ ಮಾಡಿ, ಗಾಜಿನ ಪಿಪೆಟ್‌ಲೆ ಎತ್ತಿ, ತುದಿ ಬಾಟ್ಲಿ ಗೋಡಿಗೆ ಹಚ್ಚಿದ್ರ ಸಾವಕಾಶ ಹರದು ಇಳಿತೈತಿ, ಕಂದು ಬಣ್ಣದ ಎಳಿ ಜೊಜೋಬಾದಾಗ ಬಳುಕಿ ತಳಕ್ಕ ಹೋಗಿ ನಿಲ್ಲೂದು ಕಣ್ಣಿಗೆ ಕಾಣ್ತೈತಿ. ಆಮ್ಯಾಲ ಎರಡೂ ಅಂಗೈ ನಡುವ ಬಾಟ್ಲಿ ಇಟ್ಟು ಹೊಳ್ಳಾಡಸ್ಬೇಕು, ಅಲುಗಾಡಸಿದ್ರ ಗಾಳಿ ಸೇರ್ತೈತಿ. ಕಡೀತನಕ ಉಳಿಯೂ ಗಂಧ, ಲಾವಂಚ ಮೊದ್ಲು, ಹೂವು ನಡುವ, ಲಿಂಬಿ ಕಡೀಕ, ಯಾಕಂದ್ರ ಲಿಂಬಿ ಹಾರಿ ಹೋಗೂ ಸರಕು. ಗುಂಡಿನ ಮುಚ್ಚಳ ಒತ್ತಿ ಕೂಡಸೂಮುಂದ ಕಟಕ್ ಅಂತ ಸಪ್ಪಳ ಬರೂ ತನಕ ಒತ್ರಿ, ಇಲ್ಲಂದ್ರ ಪರ್ಸಿನ್ಯಾಗ ಸೋರತೈತಿ.

ಮಾಡಿದ ಕೂಡಲೆ ಮೂಸಿದ್ರ ಎಲ್ಲಾ ಬಿಡಿ ಬಿಡಿ ಬರ್ತೈತಿ, ಲಿಂಬಿ ಒಂದ ಕಡೆ, ಮಣ್ಣಿನ ಬೇರು ಒಂದ ಕಡೆ. ಕಪಾಟಿನ ಕತ್ತಲ್ಯಾಗ ಎರಡ ಮೂರ ವಾರ ಬಿಟ್ರ ಒಂದಕ್ಕೊಂದು ಕೂಡಿ ಒಂದ ದನಿ ಬರ್ತೈತಿ. ಆ ನಡುವ ಚರ್ಮದ ಪರೀಕ್ಷೆ: ಮೊಣಕೈ ಒಳಮಗ್ಗಲಕ ಒಂದ ಚುಕ್ಕಿ ಹಚ್ಚಿ, ತೊಳಿಲಾರದ 24ರಿಂದ 48 ತಾಸು ನೋಡೂದು. ಕೆಂಪಾದ್ರ, ತುರಿಸಿದ್ರ ಆ ಬಾಟ್ಲಿ ನಿಮ್ಮದಲ್ಲ. ನ್ಯಾಚುರಲ್ ಅಂದ ಮಾತ್ರಕ್ಕ ಅಲರ್ಜಿ ಆಗೂದಿಲ್ಲ ಅನ್ನೂದು ಸುಳ್ಳು, ದಾಲ್ಚಿನ್ನಿ ತೊಗಟಿ ಎಣ್ಣಿ, ಲವಂಗದೆಣ್ಣಿ ಇವು ಚರ್ಮಕ್ಕ ಭಾಳ ಖಾರ.

ಹಚ್ಚಿಕೊಳ್ಳೂದರಾಗೂ ಒಂದು ರೀತಿ ಐತಿ. ಬಿಜಾಪುರ ಬ್ಯಾಸಗಿ ಒಣ ಗಾಳಿ, 40 ಡಿಗ್ರಿ ದಾಟತೈತಿ, ಅಂಥಾ ಹೊತ್ತಿನ್ಯಾಗ ಮ್ಯಾಲಿನ ಹಗುರ ವಾಸನಿ ಅರ್ಧ ತಾಸಿನ್ಯಾಗ ಖಾಲಿ. ಅದಕ್ಕ ಈ ಬಾಟ್ಲ್ಯಾಗ ಗಂಧ, ಲಾವಂಚ ಸೇರಿ ಅರ್ಧಕ್ಕಿಂತ ಹೆಚ್ಚು ಇಟ್ಟೀನಿ, ಅವು ಸಾವಕಾಶ ಏಳ್ತಾವ. ಒಣ ಚರ್ಮ ವಾಸನಿ ಹಿಡಿಯೂದಿಲ್ಲ, ಜಳಕ ಆದ ಮ್ಯಾಲ ಚೂರು ವ್ಯಾಸಲೀನ್ ಸವರಿ ಅದರ ಮ್ಯಾಲ ಹಚ್ರಿ. ಮಣಿಕಟ್ಟಿನ ಒಳಗ, ಮೊಣಕೈ ಮಡಚಿನ್ಯಾಗ ಸಾಕು. ಪಾತ್ರೆ ತಿಕ್ಕೂ ಕೈಗೆ ಹಚ್ಚಿ ಉಪಯೋಗ ಇಲ್ಲ ಅಂತ ವೈನಿ ಅಂದ್ರು, ಖರೆ ಮಾತು, ಹಂಗಾಗಿ ಅವರಿಗೆ ಮೊಣಕೈ ಮಡಚ ಮತ್ತ ಕಿವಿ ಹಿಂದ. ಸೀರಿಗೆ ಹಚ್ಚಬ್ಯಾಡ್ರಿ, ಇಲಕಲ್ ರೇಷ್ಮಿ ಸೆರಗಿಗೆ ಎಣ್ಣಿ ಕಲಿ ಬಿದ್ರ ಹೋಗೂದಿಲ್ಲ.

ಮನಸ್ಸಿಗೆ ಕೆಲಸ ಮಾಡಬೇಕಂದ್ರ ಇನ್ನೊಂದು ಮುಖ್ಯ ಮಾತು: ದಿನಾ ಪೂರ್ತಿ ಹಚ್ಚಿಕೊಂಡು ತಿರುಗಬ್ಯಾಡ್ರಿ. ಒಂದ ವಾಸನಿ ಸುತ್ತ ಇದ್ದಾಗ ಮೂಗು ಅದನ್ನ ಕೇಳೂದು ಬಿಟ್ಟುಬಿಡ್ತೈತಿ. ಮತ್ತ ಸಿಟ್ಟು ಬಂದಾಗ ಮಾತ್ರ ತಗದು ಮೂಸಿದ್ರ ಆ ವಾಸನಿಗೆ ಸಿಟ್ಟಿನ ನಂಟು ಬೀಳತೈತಿ. ವೈನಿಗೆ ಹೇಳಿದ್ದು ಹಿಂಗ: ಮೊದಲ ಕೆಲವು ವಾರ ಆರಾಮ ಇರೂ ಹೊತ್ತಿನ್ಯಾಗನ ಹಚ್ಚಿಕೊಳ್ರಿ, ಸಂಜಿಗೆ ಚಹಾ ಕುಡಕೋತ ಕಟ್ಟಿ ಮ್ಯಾಲ ಕುಂತಾಗ, ಮಗಳ ಹೆರಳು ಹಾಕೂವಾಗ. ನಂಟು ಗಟ್ಟಿ ಆದ ಮ್ಯಾಲ ಮಧ್ಯಾಹ್ನದ ಕರೆಂಟಿಲ್ಲದ ಹೊತ್ತಿಗೆ ತಗೀರಿ, ಎರಡ ಸಲ ಉಸಿರು ಎಳಕೊಂಡು ಮುಚ್ಚಳ ಹಾಕ್ರಿ. ಅವರು ಹಂಗ ಮಾಡ್ಯಾರ, ಈಗ ಮಷೀನಿನ ಡ್ರಾವರ್‌ದಾಗ ಬಾಬಿನ್ ಡಬ್ಬಿ ಮಗ್ಗಲ ಇರ್ತೈತಿ ಆ ಬಾಟ್ಲಿ. ಗಿರಾಕಿ ಫೋನ್ ನಿಂತಿಲ್ಲ, ಆದ್ರ ಫೋನ್ ಎತ್ತೂ ದನಿ ಬದಲಾಗೇತಿ, ಅದು ಮನ್ಯಾಗ ಎಲ್ಲಾರ ಕಿವಿಗೂ ಬಿದ್ದೈತಿ. ಇದು ಔಷಧ ಅಂತ ನಾ ಹೇಳೂದಿಲ್ಲ. ವಾರಗಟ್ಲೆ ಮನಸ್ಸು ಏಳವಲ್ದು, ನಿದ್ದಿ, ಊಟ ಕೆಟ್ಟೈತಿ ಅಂದ್ರ ಡಾಕ್ಟರ್ ಹತ್ರ ಹೋಗಬೇಕು, ಇಲ್ಲಂದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡಬೇಕು.

ಇದರ ಜೋಡಿ ಲಾವಂಚದ ನೀರೂ ಮಾಡೀನಿ, ಪಡದಾಕ್ಕ ಹೊಡಿಯಾಕ. ಬೇರಿನಿಂದ ಎಣ್ಣಿ ತಗಿಯೂದು ಮನ್ಯಾಗ ಆಗೂ ಮಾತಲ್ಲ, ಬಟ್ಟಿಯೊಳಗ ಇಡೀ ದಿನದ ಹತ್ರ ಬೇಯಬೇಕು, ಆದ್ರ ಘಮದ ನೀರು ಬರ್ತೈತಿ. ನೂರು ಗ್ರಾಂ ಬೇರು ಮಣ್ಣು ಹೋಗೂ ಹಂಗ ತೊಳದು, ಬೆರಳ ಗಿಣ್ಣಿನಷ್ಟು ಕತ್ತರಿಸಿ, ಲೀಟರ್ ನೀರಾಗ ರಾತ್ರಿ ನೆನಿ ಹಾಕ್ರಿ. ದೊಡ್ಡ ಸ್ಟೀಲ್ ಪಾತೇಲಿ ನಡುವ ಒಂದ ಸ್ಟ್ಯಾಂಡ್, ಅದರ ಮ್ಯಾಲ ಬಟ್ಟಲ, ಸುತ್ತ ಬೇರು ನೀರು, ಮುಚ್ಚಳ ಬೋರಲು ಹಾಕಿ ಅದರ ಮ್ಯಾಲ ಚೀಲದಾಗ ಬರ್ಫ. ಸಣ್ಣ ಉರಿ ಇಟ್ರ ಹಬೆ ಥಂಡಿ ಮುಚ್ಚಳಕ್ಕ ಬಡದು, ನಡುವಿನ ಹಿಡಿಕಿ ಗುಂಟ ಹರದು ಬಟ್ಟಲದಾಗ ತೊಟ್ಟಿಕ್ಕತೈತಿ. ಬರ್ಫ ಕರಗಿದಂಗ ಚೀಲ ಬದಲಿ ಮಾಡ್ಕೋತ ಇರ್ರಿ, ಬಟ್ಟಲ ಸುಮಾರು ಕಾಲು ಲೀಟರ್ ತುಂಬಿದ್ರ ಗ್ಯಾಸ್ ಬಂದ್ ಮಾಡ್ರಿ, ತಳ ಸೀದ್ರ ಆ ಕರಕು ವಾಸನಿ ನೀರಿಗೂ ಬರ್ತೈತಿ. ಹೊಸದಾಗಿ ಇಳಿಸಿದ ನೀರಿಗೆ ಒಂಥರಾ ಬೇಸಿದ ವಾಸನಿ ಇರ್ತೈತಿ, ನಾಕೈದ ದಿನಕ್ಕ ಹೋಗ್ತೈತಿ. ಫ್ರಿಜ್‌ದಾಗ ಇಟ್ಟು ಎರಡ ವಾರದಾಗ ಮುಗಸ್ರಿ, ಒಳಗ ನೂಲಿನಂಗ ಏನರ ತೇಲಿದ್ರ ಚೆಲ್ರಿ, ಯಾಕಂದ್ರ ಪ್ರಿಸರ್ವೇಟಿವ್ ಏನೂ ಇಲ್ಲ.

ಇಡೂದರ ಬಗ್ಗೆ ಎರಡ ಮಾತು. ಕಂದು ಗಾಜಿನ ಬಾಟ್ಲಿನ ಬೇಕು, ಬೈಕಿನ ಡಿಕ್ಕಿ, ಕಿಡಕಿ ಕಟ್ಟಿ ಎರಡೂ ಬ್ಯಾಡ. ಲಿಂಬಿ, ಕಿತ್ತಳಿ, ಲ್ಯಾವೆಂಡರ್ ಎಣ್ಣ್ಯಾಗ ಇರೂ ಲಿಮೊನೀನ್, ಲಿನಲೂಲ್ ಗಾಳಿ ತಾಗಿ ಹಳತಾದಂಗ ಚರ್ಮಕ್ಕ ಅಲರ್ಜಿ ಮಾಡೂ ಸರಕು ಆಗ್ತಾವ, ಹಿಂಗಾಗಿ ಬಾಟ್ಲಿ ತಗದ ತಾರೀಖು ಅಂಟಸಿ, ಲಿಂಬಿಯಂಥಾವು ವರ್ಷದ ಮ್ಯಾಲ ಇಡಬ್ಯಾಡ್ರಿ. ಗಂಧ, ಲಾವಂಚಕ್ಕ ಆ ಕಾಳಜಿ ಬೇಕಿಲ್ಲ, ಅವು ವರ್ಷ ಹೋದಂಗ ಇನ್ನೂ ಛಲೋ ಆಗ್ತಾವ. ಬಸುರಿದ್ದವರು, ಅಸ್ತಮಾ ಇದ್ದವರು ಡಾಕ್ಟರಿಗೆ ಕೇಳದ ಹಚ್ಚಬಾರದು, ಸಣ್ಣ ಕೂಸಿನ ಮೂಗಿನ ಹತ್ರ ಪುದಿನಾ ಎಣ್ಣಿಯಂಥಾ ಮೆಂಥಾಲ್ ಇರೂ ಎಣ್ಣಿ ಒಯ್ಯಲೇಬಾರದು.

ಮುಂದಿನ ಬಾಟ್ಲಿಗೆ ವೈನಿ ಹೇಳಿದ ಬದಲಾವಣಿ: ಮಲ್ಲಿಗಿ 0.05 ಇದ್ದಿದ್ದು 0.03ಕ್ಕ ಇಳಸೂದು, ಸಂಜಿಗೆ ಮುಡ್ಯಾಗ ಹೂವು ಇದ್ರ ಎರಡೂ ಕೂಡಿ ಹೆಚ್ಚಾಗ್ತೈತಂತ. ಉಳದ 0.02 ಲಾವಂಚಕ್ಕ ಹೋಗ್ತೈತಿ. ಮಳಿಗಾಲಕ್ಕ ಗಾಳ್ಯಾಗ ಪಸಿ ಇದ್ದಾಗ ವಾಸನಿ ಜಾಸ್ತಿ ಹೊತ್ತು ನಿಲ್ತೈತಿ, ಆಗ ಒಟ್ಟು ಶೇಕಡಾ 5ರ ಬದಲಿ 3ಕ್ಕ ಇಳಿಸಿ ಮಾಡ್ತೀನಿ.